ಕರೆಂಟ್ ಬಂದ ತಕ್ಷಣ ಗುಂಡಿ ಒತ್ತಬೇಡಿ

ರಾಯಚೂರಿನ ನಿಮ್ಮ ಕಾಲೇಜಿನ ತಾರಸಿ ವೀಕ್ಷಣಾಲಯದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ದೂರದರ್ಶಕ ತಪ್ಪು ದಿಕ್ಕಿಗೆ ತಿರುಗುತ್ತಿದೆ ಎಂದು ಕೇಳಿದ್ದೀರಿ. ನನಗೆ ಮೊದಲ ಅನುಮಾನ ಗಡಿಯಾರದ ಮೇಲೆ. ಕಂಪ್ಯೂಟರಿನೊಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗ ಸಮಯವೂ ಅಳಿಸಿಹೋಗುತ್ತದೆ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುವುದರಿಂದ ಗಡಿಯಾರ ಅಷ್ಟು ತಪ್ಪಿದರೂ ನಕ್ಷತ್ರ ಕೈತಪ್ಪುತ್ತದೆ. ಒಂದು ಡಿಗ್ರಿ ಎಂದರೆ ಎರಡು ಹುಣ್ಣಿಮೆ ಚಂದ್ರರ ಅಗಲ!

ಎರಡನೆಯದು, ಬಹುತೇಕ ಚಿಕ್ಕ ಮೌಂಟ್‌ಗಳಿಗೆ (ದೂರದರ್ಶಕವನ್ನು ಹೊತ್ತು ತಿರುಗಿಸುವ ಮೋಟಾರು ಪೀಠಗಳಿಗೆ) ಕರೆಂಟ್ ಹೋದ ಮೇಲೆ ತಾವು ಎತ್ತ ಮುಖ ಮಾಡಿದ್ದೇವೆಂಬುದೇ ನೆನಪಿರುವುದಿಲ್ಲ. ಆದ್ದರಿಂದ ಮೊದಲು ಗುಮ್ಮಟದ ಬಾಗಿಲು ಮುಚ್ಚಿ, ದೂರದರ್ಶಕವನ್ನು ಕೈಯಿಂದಲೇ ಆರಂಭದ ಸ್ಥಾನಕ್ಕೆ ತಂದು ನಿಲ್ಲಿಸಿ.

ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮೂರಿನ ಕರೆಂಟ್ ಬಂದ ಹೊಸದರಲ್ಲಿ ಕುಣಿಯುತ್ತದೆ. ಹತ್ತು ನಿಮಿಷ ಕಾದು ನೆಟ್‌ವರ್ಕ್ ಸ್ವಿಚ್, ನಂತರ ಕಂಪ್ಯೂಟರ್ ಚಾಲೂ ಮಾಡಿ. ಡಿಸ್ಕ್ ಪರೀಕ್ಷೆ ಶುರುವಾದರೆ ಅದನ್ನು ಮಧ್ಯದಲ್ಲಿ ನಿಲ್ಲಿಸಲೇಬೇಡಿ. ಸಮಯ ಸರಿಪಡಿಸಿದ ಮೇಲೆಯೇ ಮೌಂಟ್, ಕೊನೆಗೆ ಕ್ಯಾಮೆರಾ. ಅದನ್ನು ತಂಪಾಗಿಸುವಾಗ ಉಷ್ಣತೆಯನ್ನು ಹಂತ ಹಂತವಾಗಿ ಇಳಿಸಿ.

ಕರೆಂಟ್ ಬಂದೊಡನೆ ಕಂಪ್ಯೂಟರ್ ತಾನಾಗಿ ಏಳುವ ಆಯ್ಕೆ ಬಯೋಸ್‌ನಲ್ಲಿ (ಕಂಪ್ಯೂಟರಿನ ಆರಂಭಿಕ ಸೆಟ್ಟಿಂಗ್‌ಗಳಲ್ಲಿ) ಇದ್ದರೆ ಇಂದೇ ತೆಗೆದುಹಾಕಿ.