ಗುಡ್ಡದ ಇಳಿಜಾರಿನಲ್ಲಿ ಬಡಾವಣೆ ಕಟ್ಟಿದರೆ ಕುಸಿತದ ಅಪಾಯ ಯಾಕೆ ಹೆಚ್ಚುತ್ತದೆ?

ಮುಖ್ಯ ಕಾರಣ ನೀರು. ಎಷ್ಟೋ ಸಲ ಮನೆಗಳ ಭಾರಕ್ಕಿಂತ ಮಣ್ಣಿನೊಳಗೆ ಸೇರುವ ನೀರೇ ಜಾಸ್ತಿ ಅಪಾಯ. ಇಳಿಜಾರಿನ ಮಣ್ಣು ಜಾರದೆ ನಿಲ್ಲುವುದು ಅದರ ಕಣಗಳು ಒಂದಕ್ಕೊಂದು ಒತ್ತಿಕೊಂಡು ಹಿಡಿದಿರುವುದರಿಂದ. ಸಂದುಗಳಲ್ಲಿ ನೀರು ತುಂಬಿದಾಗ ಅದರ ಒತ್ತಡಕ್ಕೆ ಈ ಹಿಡಿತ ಸಡಿಲವಾಗುತ್ತದೆ. ಜೊತೆಗೆ ಮಣ್ಣಿನ ತೂಕವೂ ಏರುತ್ತದೆ.

ಬಡಾವಣೆಗಾಗಿ ಗುಡ್ಡದ ಬುಡ ಕಡಿದರೆ ಆಸರೆ ಹೋಯಿತು, ಮರ ತೆಗೆದರೆ ಬೇರಿನ ಬಿಗಿಯೂ ಹೋಯಿತು. ಸೋರುವ ಪೈಪುಗಳು ಮಳೆಯಿಲ್ಲದಾಗಲೂ ನೀರುಣಿಸುತ್ತಿರುತ್ತವೆ.

ತಡೆಗೋಡೆ ಕಟ್ಟಿದರೆ ಸಾಕಲ್ವಾ? ಸುಮ್ನೆ ಗೋಡೆ ಎಬ್ಬಿಸಿದರೆ ಸಾಲದು. ಹಿಂದೆ ನಿಂತ ನೀರು ಹೊರಹೋಗಲು ತೂತುಗಳಿಲ್ಲದಿದ್ದರೆ ಆ ಗೋಡೆಯೇ ಉರುಳಬಹುದು. ನಾನಾದರೆ ನಕ್ಷೆಯಲ್ಲಿ ಮೊದಲು ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತೇನೆ. ಆಮೇಲೆ ರಸ್ತೆ. ಇರುವ ಒಂದೇ ದಾರಿ ಕುಸಿದರೆ ಆಂಬುಲೆನ್ಸ್ ಮೇಲೆ ಬರಲಾರದು.