ಹೊಸ ಹಳಿ ಹಾಕಿದ ಮೇಲೆ ಮತ್ತೆ ಜಲ್ಲಿ ಕುಕ್ಕುವುದು ಯಾಕೆ?

ಹಳಿ ಹಾಕುವ ಮಷೀನ್ ಮುಂದೆ ಹೋದಮೇಲೆ ಇನ್ನೊಂದು ಮಷೀನ್ ಬಂದು ಜಲ್ಲಿ ಕುಕ್ಕುತ್ತಾ ಹೋಯಿತು, ಹಾಕಿದ್ದನ್ನೇ ಯಾಕೆ ಕೆದಕುತ್ತಾರೆ ಅಂತ ಕೇಳಿದ್ದೀರಿ. ಕೆದಕಿದ ಹಾಗೆ ಕಂಡರೂ ಅದು ಗಟ್ಟಿ ಮಾಡುವ ಕೆಲಸ.

ಮೊದಲ ಮಷೀನ್ ಸುಮಾರು 60 ಸೆಂ.ಮೀ.ಗೊಂದು ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡಲಾಗಿ ಇರುವ ತೊಲೆ, ಇಡುತ್ತದೆ. ಪಕ್ಕದಲ್ಲಿ ಮೊದಲೇ ಮಲಗಿಸಿಟ್ಟ ಉದ್ದನೆಯ ಹಳಿಗಳನ್ನು ರೋಲರ್‌ಗಳಲ್ಲಿ ಎತ್ತಿ ಆ ಸ್ಲೀಪರುಗಳ ಮೇಲೆ ಇಳಿಸುತ್ತದೆ. ಹಳಿ ಹಗ್ಗದ ಹಾಗೆ ಬಾಗುತ್ತಾ ಬರುವುದನ್ನು ನೋಡಿದರೆ ಉಕ್ಕು ಅಂತ ನಂಬೋದೇ ಕಷ್ಟ, ಅಲ್ವಾ? ಆದರೆ ಅಷ್ಟಕ್ಕೇ ಸ್ಲೀಪರ್ ಕೆಳಗಿನ ಜಲ್ಲಿ ಸರಿಯಾಗಿ ಕೂತಿರುವುದಿಲ್ಲ.

ನೀವು ನೋಡಿದ್ದು ಟ್ಯಾಂಪಿಂಗ್ ಮಷೀನ್. ಅದು ಹಳಿಯನ್ನು ಹಿಡಿದು ಬೇಕಾದ ಮಟ್ಟಕ್ಕೆ ಎತ್ತುತ್ತದೆ, ಸಾಲು ತಪ್ಪಿದ್ದರೆ ಪಕ್ಕಕ್ಕೆ ಸರಿಸುತ್ತದೆ. ಆಮೇಲೆ ಉಕ್ಕಿನ ಗೂಟಗಳು ಸ್ಲೀಪರಿನ ಎರಡೂ ಬದಿ ಜಲ್ಲಿಗೆ ಇಳಿಯುತ್ತವೆ. ಸುಮ್ನೆ ಚುಚ್ಚುವುದಲ್ಲ, ಸೆಕೆಂಡಿಗೆ ಸುಮಾರು 35 ಸಲ ಅದುರುತ್ತಿರುತ್ತವೆ. ಆ ಅದುರಿಗೆ ಕಲ್ಲುಗಳು ಸಡಿಲವಾಗುತ್ತವೆ. ಗೂಟಗಳು ಎರಡೂ ಕಡೆಯಿಂದ ಒತ್ತಿದಾಗ ಆ ಕಲ್ಲುಗಳು ಸ್ಲೀಪರಿನಡಿಯ ಖಾಲಿ ಜಾಗಕ್ಕೆ ನುಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮುಂದಿನ ಸಲ ಗೂಟ ಮೇಲೆದ್ದ ಕೂಡಲೇ ಗಮನಿಸಿ, ಅಲ್ಲಿ ಸಣ್ಣ ಗುಂಡಿ ಬಿದ್ದಿರುತ್ತದೆ. ಅಲ್ಲಿದ್ದ ಕಲ್ಲು ಸ್ಲೀಪರ್ ಕೆಳಗೆ ಹೋಗಿರುತ್ತದೆ.

ಇಷ್ಟಾದರೂ ಕೆಲವು ದಿನ ರೈಲು ನಿಧಾನಕ್ಕೇ ಓಡುತ್ತದೆ. ಟ್ಯಾಂಪಿಂಗ್ ಆದಮೇಲೆ ಸ್ಲೀಪರ್ ಪಕ್ಕಕ್ಕೆ ಜಾರದಂತೆ ತಡೆಯುವ ಜಲ್ಲಿಯ ಹಿಡಿತ ಕಮ್ಮಿಯಾಗಿರುತ್ತದೆ. ರೈಲುಗಳು ಓಡಾಡಿ ಅದು ಕೂರಬೇಕು. ಇಲ್ಲವೇ ಸ್ಟೆಬಿಲೈಸರ್ ಮಷೀನ್ ಹಳಿಯನ್ನು ಅಡ್ಡಡ್ಡ ಅಲುಗಿಸಿ ಕೂರಿಸಬೇಕು. ನೋಡೋಕೆ ಹೋದರೆ ದೂರವೇ ನಿಲ್ಲಿ, ಧೂಳೂ ಸದ್ದೂ ಎರಡೂ ಜಾಸ್ತಿ.