ಸಮನ್ಸ್ ತಪ್ಪಿಹೋದಾಗ

ಪ್ರಶ್ನೆ: ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ ಗುಮಾಸ್ತರ ಮೇಲ್ವಿಚಾರಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಸಾಕ್ಷಿಯೊಬ್ಬರಿಗೆ ಸಮನ್ಸ್ ಕಳಿಸುವುದು ತಪ್ಪಿಹೋಗಿ ವಿಚಾರಣೆಯನ್ನು ಮುಂದೂಡಬೇಕಾಯಿತು. ಸಿಬ್ಬಂದಿಯ ಮನಸ್ಸು ನೋಯಿಸದೆ ಶಿಸ್ತು ತರುವುದು ಹೇಗೆ?

ಉತ್ತರ: ತಪ್ಪು ಯಾರದೆಂದು ಕೇಳುವ ಮುನ್ನ, ಆ ಸಮನ್ಸ್ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕಿತ್ತು ಎಂಬುದನ್ನು ವಹಿಯಲ್ಲಿ ಬೆರಳಿಟ್ಟು ನೋಡಿ, ಇಂಥ ಲೋಪಗಳು ಹೆಚ್ಚಾಗಿ ಕಾಗದ ಕೈಯಿಂದ ಕೈಗೆ ದಾಟುವಾಗಲೇ ಆಗುತ್ತವೆ. ಮುಂದಿನ ವಿಚಾರಣೆಯ ದಿನಾಂಕ, ಕರೆಸಬೇಕಾದ ಸಾಕ್ಷಿಗಳು, ಸಮನ್ಸ್ ಜಾರಿಯಾದ ವರದಿ, ಈ ಮೂರೂ ಒಂದೇ ಪುಟದಲ್ಲಿ ಕಾಣುವಂತೆ ಬರೆಸಿ, ಪ್ರತಿ ಸಂಜೆ ಹತ್ತು ನಿಮಿಷ ಸಂಬಂಧಪಟ್ಟವರ ಜೊತೆ ಕುಳಿತು ನೀವೇ ಓದಿ. ಖಾಲಿ ಉಳಿದ ಅಂಕಣ ಅಂದೇ ಕಣ್ಣಿಗೆ ಬೀಳುತ್ತದೆ. ನ್ಯಾಯಾಲಯಕ್ಕೆ ಬಂದು, ಕಾದು, ಬರಿಗೈಯಲ್ಲಿ ಮರಳಿದ ಉಳಿದ ಸಾಕ್ಷಿಗಳ ಕಷ್ಟವನ್ನು ಸಿಬ್ಬಂದಿಗೆ ಶಾಂತವಾಗಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಿಳಿಸಿ.

ಗುಮಾಸ್ತರು ಕಡತ ಸಿದ್ಧಪಡಿಸಬಹುದು. ಪ್ರಕರಣ ಮುಂದುವರಿಸಬೇಕೇ ಎಂಬ ತೀರ್ಮಾನ ಮಾತ್ರ ಅಭಿಯೋಜಕರದೇ. ಇನ್ನು, 1990ರಲ್ಲಿ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನವು ಅಂಗೀಕರಿಸಿದ ಅಭಿಯೋಜಕರ ಮಾರ್ಗಸೂಚಿಗಳು, ಕರ್ತವ್ಯಕ್ಕೋ ನ್ಯಾಯಕ್ಕೋ ಅಗತ್ಯವಾದ ಹೊರತು ತಮ್ಮ ಬಳಿಯ ವಿಷಯಗಳನ್ನು ಗೋಪ್ಯವಾಗಿಡಬೇಕೆನ್ನುತ್ತವೆ. ಆದ್ದರಿಂದ ಸಂತ್ರಸ್ತರ ಹೆಸರಿರುವ ಕರಡು ಪ್ರತಿಗಳು ರದ್ದಿಯ ರಾಶಿಗೆ ಸೇರದಂತೆ, ನಿಮ್ಮ ಕಣ್ಣೆದುರೇ ನಾಶವಾಗುವಂತೆ ನೋಡಿಕೊಳ್ಳಿ.